ಉಪ್ಪರಿಗೆಯ ಬಾಡಿಗೆ: ಎಣ್ಮಕಜೆಯ ಒಂದು ವರ್ಕ್ ಫ್ರಂ ಹೋಮ್ ಪ್ರಕರಣ

2021ರ ನವೆಂಬರಿನ ಒಂದು ಸೋಮವಾರ. ಮನೆಯಿಂದ ಆಫೀಸಿನ ಕೆಲಸ ಮಾಡುತ್ತಿದ್ದ ಅಕ್ಕನ ಮಗಳ ನೋಟ್‌ಬುಕ್ಕಿನ ಆ ದಿನದ ಪುಟವನ್ನು ಅವಳ ಒಪ್ಪಿಗೆ ಕೇಳಿ ಇಲ್ಲಿ ಇಳಿಸಿದ್ದೇನೆ:

"9.40 – ಕೆಲಸದವರಿಗೆ ಚಾ. 10.15 – ಅಜ್ಜಿಯ ಮಾತ್ರೆ ಯಾವುದೆಂದು ಹುಡುಕಿ ಕೊಟ್ಟದ್ದು. 10.50 – ಗ್ಯಾಸಿನವನು ಬಂದ, ಹಣ. 11.05 – ಮಾವನ ಫೋನು, ಅಪ್ಪನ ಪಾಸ್‌ಬುಕ್ ಸ್ಕ್ಯಾನ್ ಮಾಡಿ ಕಳಿಸಬೇಕಂತೆ. 11.30 – ಮೀಟಿಂಗಿನ ನಡುವೆ ಮಿಕ್ಸಿ. 12.10 – ಅಂಗಳದಲ್ಲಿ ಅಡಿಕೆ, ಮಳೆ ಬಂತು, ಓಡಿದೆ. 2.20 – ನೆಟ್ ಹೋಯಿತು, 2.26ಕ್ಕೆ ಬಂತು. 3.00 – ಆಚೆಮನೆಯವರು ಬಂದರು, ಪುನಃ ಚಾ."

ಆ 11.05ರ ಮಾವ ನಾನೇ.

ಕಾಸರಗೋಡು ಪೇಟೆಯಲ್ಲಿ ಆದಾಯ ತೆರಿಗೆಯ ರಿಟರ್ನ್ಸ್ ತುಂಬಿಸಿಕೊಡುವುದು ನನ್ನ ಕೆಲಸ. 2020ರ ನಂತರ ನನ್ನ ಮೇಜಿನ ಮುಂದೆ ಬಂದು ಕುಳಿತ ಮಕ್ಕಳಲ್ಲಿ ಸಂಬಳ ಬೆಂಗಳೂರಿನದ್ದು, ವಿಳಾಸ ಪೆರ್ಲ, ಬದಿಯಡ್ಕ, ಮುಳ್ಳೇರಿಯದ್ದು ಆಗಿದ್ದವರು ಒಬ್ಬಿಬ್ಬರಲ್ಲ. ಎಲ್ಲರ ದೂರು ಒಂದೇ, ರೇಂಜ್ ಇಲ್ಲ. ನಾನೂ ಅದನ್ನೇ ನಂಬಿಕೊಂಡಿದ್ದೆ. ಈ ಪುಟ ನೋಡಿ. ಆ ದಿನ ನೆಟ್ ಕೊಟ್ಟ ಉಪದ್ರ ಆರು ನಿಮಿಷ. ಉಳಿದದ್ದೆಲ್ಲ ಮನೆಯವರಾದ ನಮ್ಮದು.

ಮನೆ ಮತ್ತು ಗಡಿ

ಹುಡುಗಿಗೆ ಈಗ ಮೂವತ್ತು ದಾಟಿದೆ. ಅವಳ ಹೆಸರು, ಕಂಪನಿಯ ಹೆಸರು ಎರಡೂ ಇಲ್ಲಿ ಬೇಡ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲದಿಂದ ಒಳಗೆ. ಎದುರು ಅಡಿಕೆ ತೋಟ, ಹಿಂದೆ ಮುರಕಲ್ಲಿನ ಗುಡ್ಡೆ, ಗುಡ್ಡೆಯೊಳಗೆ ಅಜ್ಜನ ಕಾಲದಲ್ಲಿ ಕೊರೆದ ಸುರಂಗ. ಸುರಂಗದ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ, ಪಂಪು ಬೇಡ. ಮನೆಯಲ್ಲಿ ಅಕ್ಕ, ಭಾವ, ಭಾವನ ಅಮ್ಮ. ಹುಡುಗಿಗೆ ಎರಡು ವರ್ಷ ಕಿರಿಯ ಒಬ್ಬ ತಮ್ಮ. ಇಬ್ಬರೂ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಬೇರೆ ಬೇರೆ ಕಂಪನಿಯಲ್ಲಿ ಇದ್ದವರು. ಅವಳದ್ದು ಸಾಫ್ಟ್‌ವೇರ್ ಟೆಸ್ಟಿಂಗ್. ಅಮೆರಿಕದ ಆಸ್ಪತ್ರೆಗಳಿಗೆ ಬಿಲ್ಲು ತಯಾರಿಸುವ ಒಂದು ಸಾಫ್ಟ್‌ವೇರು ಎಲ್ಲಿ ತಪ್ಪುತ್ತದೆಂದು ಹುಡುಕುವುದು.

2020ರ ಮಾರ್ಚ್ ಮೂರನೆಯ ವಾರ ಅಕ್ಕ ತಮ್ಮ ಇಬ್ಬರೂ ಕಣ್ಣೂರು ರೈಲು ಹಿಡಿದು ಕಾಸರಗೋಡಿನಲ್ಲಿ ಇಳಿದರು. ತಲಾ ಒಂದು ಲ್ಯಾಪ್‌ಟಾಪ್, ಹದಿನೈದು ದಿನಕ್ಕಾಗುವಷ್ಟು ಬಟ್ಟೆ. ಆಮೇಲಿನದ್ದು ಗಡಿನಾಡಿನವರಿಗೆ ಹೇಳಬೇಕಾಗಿಲ್ಲ. ಕೊರೊನಾ ಎಂದು ಕರ್ನಾಟಕ ಗಡಿ ಮುಚ್ಚಿತು, ಹಲವು ರಸ್ತೆಗಳಿಗೆ ಮಣ್ಣು ಬಿತ್ತು, ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು, ಸಂಗತಿ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪ್ರಾಣ ಹೋಗುವ ಆ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಮಾತೆತ್ತಲು ನಾಚಿಕೆಯೆನಿಸುತ್ತದೆ, ಆದರೂ ಪ್ರಕರಣಕ್ಕೆ ಬೇಕು. ಏಪ್ರಿಲ್ ಕೊನೆಗೆ ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಕೀಬೋರ್ಡನ್ನೇ ಮೇಲೆತ್ತಿತು. ಕಂಪನಿ ಇನ್ನೊಂದನ್ನು ಕಳಿಸಿತು, ಅದು ಪುತ್ತೂರಿಗೆ ಬಂದು ನಿಂತಿತು. ಸಹೋದ್ಯೋಗಿಯ ಅಣ್ಣನೊಬ್ಬ ಬೈಕಿನಲ್ಲಿ ಗಡಿಯವರೆಗೆ ತಂದು, ಮಣ್ಣಿನ ರಾಶಿಯ ಆಚೆಯಿಂದ ಕೈ ಚಾಚಿ ಭಾವನಿಗೆ ಕೊಟ್ಟ. ಪುತ್ತೂರು ಭಾವನಿಗೆ ವಾರಕ್ಕೊಮ್ಮೆ ಹೋಗಿಬರುವ ಪೇಟೆ. ಅಂದು ಅದು ಪರದೇಶವಾಗಿತ್ತು.

ದೂರದಿಂದ ಕೆಲಸ ಮಾಡುವವರಿಗೆ ಊರು ಯಾವುದಾದರೇನು ಎಂಬ ಮಾತು ಕೇಳಲು ಚೆಂದ. ಗಡಿಯಲ್ಲಿ ಹಾಗಲ್ಲ. 2021ರಲ್ಲಿ ಆಫೀಸಿನವರು ಒಂದು ದಿನಕ್ಕೆ ಬಂದು ಹೋಗು ಎಂದಾಗಲೂ ಕೊರೊನಾ ಇಲ್ಲವೆಂಬ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಚೀಟಿ ಹಿಡಿದುಕೊಂಡೇ ಕೇರಳದಿಂದ ಆಚೆ ದಾಟಬೇಕಿತ್ತು. ಸಂಬಳದಲ್ಲಿ ಆಗ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಕರ್ನಾಟಕಕ್ಕೆ ಹೋಗುತ್ತಿತ್ತು. ಕೇರಳದಲ್ಲಿ ಅದೇ ತೆರಿಗೆ ಅರ್ಧ ವರ್ಷಕ್ಕೊಮ್ಮೆ ಪಂಚಾಯತಿಗೆ ಸಲ್ಲುವಂಥದ್ದು. ಕೂತು ದುಡಿಯುವುದು ಎಣ್ಮಕಜೆಯಲ್ಲಿ, ಕಟ್ಟುವುದು ಆಚೆಗೆ. ಇನ್ನು ರಜೆಗಳು. ಓಣಂ ಹಬ್ಬದ ತಿರುವೋಣದ ದಿನ ಊರೆಲ್ಲ ರಜೆ, ಅವಳಿಗೆ ಕೆಲಸ. ನವೆಂಬರ್ 1 ಅವಳಿಗೆ ರಜೆ, ಊರಿಗೆ ಕೆಲಸ. 1956ರಲ್ಲಿ ಕಾಸರಗೋಡು ಕೇರಳದ ಪಾಲಿಗೆ ಹೋದದ್ದೂ ಅದೇ ದಿನ. ಭಾವ ಪ್ರತಿ ವರ್ಷ ತಪ್ಪದೆ ಕೇಳುತ್ತಾರೆ: "ನಿನ್ನ ಕಂಪನಿಗೆ ಇವತ್ತು ಎಂತದರ ಸಂಭ್ರಮ ಮಗಳೇ?"

ಒಂದೇ ಮನೆ, ಎರಡು ಆಫೀಸು

ಒಂದೇ ಮನೆಯಲ್ಲಿ, ಒಂದೇ ಕೇಬಲ್ಲಿನಲ್ಲಿ, ಒಂದೇ ಬಗೆಯ ಕೆಲಸವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಇಬ್ಬರು ಮಾಡಿದರು. ಹೋಲಿಸಿ ನೋಡಲು ಇದಕ್ಕಿಂತ ಹೆಚ್ಚೇನು ಬೇಕು?

ಬಂದ ಮರುದಿನವೇ ತಮ್ಮನಿಗೆ ಉಪ್ಪರಿಗೆಯ ಕೋಣೆ ಸಿಕ್ಕಿತು. ಯಾರೂ ಕೂತು ತೀರ್ಮಾನಿಸಿದ್ದಲ್ಲ. ಅವನು ಮೇಲೆ ಹೋದ, ಬಾಗಿಲು ಹಾಕಿಕೊಂಡ. ಹತ್ತು ಗಂಟೆಗೆ ಚಾ ಮೇಲೆ ಹೋಗುತ್ತಿತ್ತು, ಲೋಟ ತರಲು ಇನ್ನೊಬ್ಬರು ಹೋಗುತ್ತಿದ್ದರು. "ಮೆಲ್ಲ ಮಾತಾಡಿ, ಅವನಿಗೆ ಮೀಟಿಂಗ್ ಉಂಟು" ಎಂದು ಅಕ್ಕ ಅಂಗಳದಲ್ಲಿದ್ದವರನ್ನು ಸುಮ್ಮನಾಗಿಸುವುದನ್ನು ನಾನೇ ಕೇಳಿದ್ದೇನೆ.

ಹುಡುಗಿ ಕೂತದ್ದು ಊಟದ ಮೇಜಿನಲ್ಲಿ. ಅಡುಗೆಮನೆಗೆ ಎರಡು ಹೆಜ್ಜೆ. ಚಾ ಮಾಡುವವಳೂ ಅವಳೇ, ಮೇಲೆ ಕೊಂಡುಹೋಗುವವಳೂ ಎಷ್ಟೋ ಸಲ ಅವಳೇ. ಅಕ್ಕನದ್ದು ತಪ್ಪೆಂದು ನಾನು ಹೇಳಲಾರೆ. ಬೆಳಗ್ಗೆ ಐದಕ್ಕೆ ಎದ್ದವಳಿಗೆ, ಮೂವತ್ತು ವರ್ಷ ಒಬ್ಬಳೇ ಆ ಮನೆ ನಡೆಸಿದವಳಿಗೆ, ಪಕ್ಕದಲ್ಲಿ ಮಗಳು ಕೂತಿದ್ದಾಳೆಂದರೆ ಒಂದು ಕೈ ಹೆಚ್ಚಾಯಿತು ಎನಿಸದೆ ಇರುತ್ತದೆಯೇ? ನಮ್ಮ ಕಡೆ ಕೆಲಸ ಎಂದರೆ ಬೆವರು, ಇಲ್ಲವಾದರೆ ಪ್ರಯಾಣ. ಬಸ್ಸಿಗೆ ಓಡಿದರೆ ಅದು ನೌಕರಿ. ಮನೆಬಟ್ಟೆಯಲ್ಲಿ ಕೂತು ಪರದೆ ನೋಡುವವಳು ಪುರುಸೊತ್ತಿನಲ್ಲಿದ್ದಾಳೆ. ಮಗನದ್ದೂ ಪರದೆಯೇ ಅಲ್ಲವೇ ಎಂದು ಕೇಳಬಹುದು. ಅವನ ಪರದೆ ಬಾಗಿಲಿನ ಆಚೆಗಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ.

ಬೆಂಗಳೂರಿನ ಸಮಯ ಮತ್ತು ಅಮೆರಿಕದ ಸಮಯ ಎರಡಕ್ಕೂ ಅವಳು ಸಲ್ಲಬೇಕಿತ್ತು. ಅಲ್ಲಿಯ ಪೂರ್ವ ಕರಾವಳಿಯಲ್ಲಿ ಬೆಳಗ್ಗೆ ಒಂಬತ್ತಾದರೆ ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ದೀಪ ಹಚ್ಚುವ ಹೊತ್ತಿನಿಂದ ಊಟದ ಹೊತ್ತಿನವರೆಗೆ ಮೀಟಿಂಗ್. ಊಟದ ಮೇಜೇ ಆಫೀಸಾದ್ದರಿಂದ ಎಂಟು ಗಂಟೆಗೆ ಅಜ್ಜಿಗೆ ಬಟ್ಟಲು ಇಡಲು ಲ್ಯಾಪ್‌ಟಾಪ್ ಸರಿಸಬೇಕು. ಹಗಲು ಕಡಿದುಹೋದ ಕೆಲಸವನ್ನು ಎಲ್ಲರೂ ಮಲಗಿದ ಮೇಲೆ ಒಂದು ಗಂಟೆಯವರೆಗೆ ಮಾಡಿ ಮುಗಿಸುತ್ತಿದ್ದಳು. ಬೆಳಗ್ಗೆ ಏಳುವುದು ತಡವಾದರೆ ಅಜ್ಜಿಯ ಮಾತು: "ಮನೆಯಲ್ಲೇ ಇರುವುದು, ಆದರೂ ಏಳಲಿಕ್ಕೆ ಆಗುವುದಿಲ್ಲ."

ಸ್ಟ್ಯಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ ಒಂಬತ್ತು ತಿಂಗಳು ಒಂದು ಪ್ರಯೋಗ ನಡೆಸಿ 2015ರಲ್ಲಿ ಪ್ರಕಟಿಸಿದರು. ಮನೆಯಿಂದ ದುಡಿದವರ ಕೆಲಸ ಶೇ.13 ಹೆಚ್ಚಿತೆಂಬುದು ಅದರ ಫಲಿತಾಂಶ, ಎಲ್ಲರೂ ಎತ್ತಿ ಹೇಳುವ ಅಂಕಿ ಅದು. ಅಷ್ಟಾಗಿ ಯಾರೂ ಹೇಳದ ಒಂದು ಷರತ್ತು ಅದರಲ್ಲಿತ್ತು: ಪ್ರಯೋಗಕ್ಕೆ ಸೇರಬೇಕಾದರೆ ಮನೆಯಲ್ಲಿ ಕೆಲಸಕ್ಕೆಂದೇ ಪ್ರತ್ಯೇಕ ಕೋಣೆ ಇರಬೇಕು. ಆ ಲೆಕ್ಕದಲ್ಲಿ ತಮ್ಮ ಸೇರಬಹುದಿತ್ತು, ಹುಡುಗಿಗೆ ಬಾಗಿಲಲ್ಲೇ ತಡೆ.

ಲಾಭ ಇರಲೇ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ಬಾಡಿಗೆಯ ಪಾಲು, ಊಟ, ಓಡಾಟ ಸೇರಿ ತಿಂಗಳಿಗೆ 20,000 ರೂಪಾಯಿ ಕೈಬಿಡುತ್ತಿತ್ತು, ಅದು ಉಳಿಯಿತು. ಆ ಹಣದಲ್ಲೇ ಓದಿನ ಸಾಲ ಮುಗಿಯಿತು. 2022ರ ಫೆಬ್ರವರಿಯಲ್ಲಿ ಅಜ್ಜಿ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಮಂಗಳೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಂಚದ ಪಕ್ಕ ಕೂತು, ಕೆಲಸವನ್ನೂ ಬಿಡದೆ ನಡೆಸಿದಳು. ಕಣ್ಣಿನ ಕೆಳಗಿನ ಕಪ್ಪು, ಬೆಂಗಳೂರಿನ ಕೆಮ್ಮು ಎರಡೂ ಹೋದವು. ಇವುಗಳಿಗೆ ನನ್ನ ಲೆಡ್ಜರಿನಲ್ಲಿ ಕಾಲಂ ಇಲ್ಲ.

ಮದುವೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗದ ಕಾಲ ಇದು. ಹಾಗಿರುವಾಗ "ವರ್ಕ್ ಫ್ರಂ ಹೋಮ್" ಎಂಬ ಮೂರು ಪದ ಜಾತಕಕ್ಕಿಂತ ಮುಂಚೆ ಊರು ಸುತ್ತಿ ಬಂತು. ಸಂಬಳವೂ ಬರುತ್ತದೆ, ಮನೆಯಲ್ಲೂ ಇರುತ್ತಾಳೆ! ಬಂದ ಒಂದು ಕಡೆಯವರೊಡನೆ ಅವಳು, "ನಿಮ್ಮಲ್ಲಿ ಬಾಗಿಲು ಹಾಕಿಕೊಳ್ಳಲಿಕ್ಕೆ ಆಗುವ ಒಂದು ಕೋಣೆ ಉಂಟಾ?" ಎಂದು ಕೇಳಿದಳಂತೆ. ಅವರು ಬೇರೆ ಏನನ್ನೋ ಅರ್ಥಮಾಡಿಕೊಂಡು ಎದ್ದು ಹೋದರು.

ತಂತಿಯ ಕಥೆ

ನೆಟ್ಟಿನ ಉಪದ್ರ ಸಣ್ಣದೆಂದೆ, ಇಲ್ಲವೆನ್ನಲಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ.

ಮೊದಲು ಮೊಬೈಲ್ ಡೇಟಾ. ಗುಡ್ಡೆ ತಲೆಯ ಗೇರುಮರದ ಬುಡದಲ್ಲಿ ಮಾತ್ರ ಸರಿಯಾಗಿ ಸಿಗುತ್ತಿತ್ತು; 2020ರ ಏಪ್ರಿಲ್–ಮೇ ಎರಡು ತಿಂಗಳು ಕೊಡೆ ಹಿಡಿದುಕೊಂಡು ಅಲ್ಲೇ. ಮಳೆಗಾಲಕ್ಕೆ ಮುಂಚೆ ಊರಿನ ಕೇಬಲಿನವರು ಫೈಬರ್ ಎಳೆದರು. ಫೈಬರಿನಲ್ಲಿ ಹರಿಯುವುದು ಬೆಳಕು. ದಾರಿಯಲ್ಲಿ ಕವಲೊಡೆಯುವ ಪೆಟ್ಟಿಗೆಗಳಿಗೆ ಕರೆಂಟು ಬೇಡ. ಕರೆಂಟು ಬೇಕಾದದ್ದು ಎರಡೇ ಕಡೆ, ಮನೆಯ ಮೋಡೆಮ್‌ಗೆ ಮತ್ತು ಪೇಟೆಯಲ್ಲಿ ಕೇಬಲಿನವರ ಯಂತ್ರಕ್ಕೆ. ಇದು ತಿಳಿಯದೆ ಭಾವ ದೊಡ್ಡ ಇನ್ವರ್ಟರ್ ತಂದರು. 12 ವೋಲ್ಟಿನ 150 ಆಂಪಿಯರ್–ಅವರ್ ಬ್ಯಾಟರಿ ಎಂದರೆ ಲೆಕ್ಕಕ್ಕೆ 1,800 ವಾಟ್–ಅವರ್. ಲ್ಯಾಪ್‌ಟಾಪ್ ಮತ್ತು ಮೋಡೆಮ್ ಸೇರಿ 80 ವಾಟ್ ತಿಂದರೂ ಒಂದು ದಿನದ ಕೆಲಸಕ್ಕೆ ಧಾರಾಳ. ಆದರೆ ಇನ್ವರ್ಟರ್ ಬಂತೆಂದು ಮನೆಯ ಎಲ್ಲ ಫ್ಯಾನುಗಳೂ ತಿರುಗಿದವು, ಟಿವಿಯೂ ಓಡಿತು. ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ. ಕೊನೆಗೆ ಮೋಡೆಮ್‌ಗೆಂದೇ ಒಂದು ಸಣ್ಣ 12 ವೋಲ್ಟಿನ ಬ್ಯಾಟರಿ ಬೇರೆಯಾಗಿ ಕಟ್ಟಿದ ಮೇಲೆ ಸುಧಾರಿಸಿತು. ಮನೆಯ ದೀಪ ಉರಿಯುತ್ತಿದ್ದು ಪೇಟೆಯ ಯಂತ್ರದ ಬ್ಯಾಟರಿ ಮುಗಿದರೆ ಮಾಡುವುದಕ್ಕೇನೂ ಇಲ್ಲ, ಕಾಯುವುದು.

ಒಂದು ಹೋದರೆ ಇನ್ನೊಂದಿರಲಿ ಎಂದು ಬೇರೆ ಕಂಪನಿಯ ಎರಡನೆಯ ಸಂಪರ್ಕವನ್ನೂ ತೆಗೆದುಕೊಂಡಳು. 2023ರ ಜುಲೈ ಮೊದಲ ವಾರದ ಗಾಳಿಮಳೆಗೆ ರಸ್ತೆ ಬದಿಯ ಒಂದು ಸಾಗುವಾನಿ ಮರ ಅಡ್ಡ ಬಿತ್ತು. ಎರಡೂ ಮೋಡೆಮ್‌ಗಳಲ್ಲಿ ಒಮ್ಮೆಲೇ ಕೆಂಪು ದೀಪ. ಕಂಪನಿ ಎರಡಾದರೂ ತಂತಿ ಹಾದುಬಂದದ್ದು ಅದೇ ಕರೆಂಟು ಕಂಬಗಳ ಮೇಲೆ! ಅದರ ಹಿಂದಿನ ತಿಂಗಳು, ಜೂನ್ 5ರಂದು ಕೇರಳ ಸರಕಾರದ ಫೈಬರ್ ನೆಟ್ ಜಾಲವಾದ ಕೆ–ಫೋನ್ ಉದ್ಘಾಟನೆಯಾದಾಗ ಭಾವ ಖುಷಿಪಟ್ಟಿದ್ದರು. ಅದು ಬಂದರೂ ಕಂಬ ಅದೇ. ಎರಡು ದಾರಿ ಬೇಕಾದವರು ಬಿಲ್ಲಿನ ಮೇಲಿನ ಹೆಸರು ನೋಡಿದರೆ ಸಾಲದು, ಕೇಬಲ್ ಬರುವ ಹಾದಿಯಲ್ಲಿ ನಡೆದು ನೋಡಬೇಕು.

ಆ ಸಲ ಎರಡು ದಿನ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಗುಡ್ಡೆ ಹತ್ತಲು ಬಿಡದ ಮಳೆ. ಕ್ಲೈಂಟಿಗೆ ಹೊಸ ಆವೃತ್ತಿ ಹೋಗಬೇಕಾದ ರಾತ್ರಿ ಭಾವ ಜೀಪಿನಲ್ಲಿ ಅವಳನ್ನು ಬದಿಯಡ್ಕಕ್ಕೆ ಕರೆದುಕೊಂಡು ಹೋದರು. ಮುಚ್ಚಿದ ಅಂಗಡಿಗಳ ಮುಂದೆ ಜೀಪಿನಲ್ಲೇ ಕೂತು ಎರಡೂವರೆ ಗಂಟೆಗೆ ಕೆಲಸ ಮುಗಿಸಿದರು. ಮುಗಿಸಿದರು ಎಂದು ಬಹುವಚನ ಹಾಕಿದ್ದಕ್ಕೆ ಕಾರಣವಿದೆ. ಭಾವ ಅಷ್ಟೂ ಹೊತ್ತು ಪಕ್ಕದಲ್ಲಿ ಕೂತು ಮಗಳು ಏನು ಮಾಡುತ್ತಾಳೆಂದು ಮೊದಲ ಸಲ ನೋಡಿದರು. ಮನೆಗೆ ಬಂದರೆ ಕತ್ತಲೆ. ಸುರಂಗದ ನೀರು ಮಾತ್ರ ತೊಟ್ಟಿಗೆ ಬೀಳುತ್ತಲೇ ಇತ್ತಂತೆ. "ನಮ್ಮ ಅಜ್ಜಂದಿರು ಕರೆಂಟು ಬೇಡದ ಹಾಗೆ ಮಾಡಿಟ್ಟರು, ನಿಮ್ಮದು ಎಂತ ಮಾರಾಯ್ತಿ" ಎಂದರಂತೆ ಭಾವ. ದನಿಯಲ್ಲಿ ಕೊಂಕಿರಲಿಲ್ಲ ಎಂದು ಅವಳೇ ಹೇಳಿದಳು.

ಕಾಣದವರ ಬಡ್ತಿ

ತಮ್ಮನ ಕಂಪನಿ ಇದ್ದದ್ದು ವಿಶೇಷ ಆರ್ಥಿಕ ವಲಯದಲ್ಲಿ, ಎಂದರೆ ರಫ್ತಿಗೆಂದು ಸರಕಾರ ಬೇರೆ ನಿಯಮ ಮಾಡಿಟ್ಟ ಜಾಗದಲ್ಲಿ. 2022ರ ಜುಲೈಯಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ತಂದ 43ಎ ನಿಯಮದಂತೆ ಅಲ್ಲಿ ಮನೆಯಿಂದ ಕೆಲಸ ಅರ್ಧದಷ್ಟು ಸಿಬ್ಬಂದಿಗೆ, ಅದೂ ಗರಿಷ್ಠ ಒಂದು ವರ್ಷ. ಡಿಸೆಂಬರಿನಲ್ಲಿ ಸಡಿಲಿಸಿದರು, ಅಷ್ಟರಲ್ಲಿ ಅವನು ಆಗಸ್ಟಿನಲ್ಲೇ ಬೆಂಗಳೂರಿಗೆ ಮರಳಿದ್ದ. ಉಪ್ಪರಿಗೆಯ ಕೋಣೆಗೆ ಬೀಗ ಬಿತ್ತು. "ಅವನು ಬಂದರೆ ಬೇಕಲ್ಲ" ಎಂದು. ಹುಡುಗಿ ಊಟದ ಮೇಜಿನಲ್ಲೇ ಉಳಿದಳು.

2023ರ ಏಪ್ರಿಲಿನಲ್ಲಿ ಅವಳ ತಂಡಕ್ಕೆ ಹೊಸ ಲೀಡ್, ಎಂದರೆ ತಂಡದ ಮುಖ್ಯಸ್ಥೆ, ಬಂದಳು. ನಮ್ಮ ಹುಡುಗಿಗಿಂತ ಎರಡು ವರ್ಷ ಚಿಕ್ಕವಳು, ಕೆಲಸ ಇವಳಿಂದಲೇ ಕಲಿತವಳು, ವಾರಕ್ಕೆ ನಾಲ್ಕು ದಿನ ಆಫೀಸಿನಲ್ಲಿರುವವಳು. ಮ್ಯಾನೇಜರಿನ ಮಾತು ಒರಟಾಗಿರಲಿಲ್ಲ: ನಿಮ್ಮ ಕೆಲಸದ ಬಗ್ಗೆ ದೂರಿಲ್ಲ, ನೀವು ಕಾಣಿಸಿಕೊಳ್ಳುವುದು ಕಡಿಮೆ. ಅಂದರೆ ಹುಡುಗಿ ಎರಡೂ ಕಡೆ ಸೋತಳು. ಮನೆಯವರಿಗೆ ಅವಳು ಕಾಣುತ್ತಾಳೆ, ಕೆಲಸ ಕಾಣುವುದಿಲ್ಲ. ಆಫೀಸಿನವರಿಗೆ ಕೆಲಸ ಕಾಣುತ್ತದೆ, ಅವಳು ಕಾಣುವುದಿಲ್ಲ.

ಬ್ಲೂಮ್ ಅವರ ಪ್ರಯೋಗದಲ್ಲೂ ಇದು ಇತ್ತು. ಕೆಲಸ ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕೆ ಇಳಿಯಿತು, ಆದರೆ ಅಷ್ಟೇ ಚೆನ್ನಾಗಿ ದುಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಅದೇ ಕಂಪನಿಯ 1,612 ಮಂದಿಯ ಮೇಲೆ ಅವರು ನಡೆಸಿದ ಮುಂದಿನ ಅಧ್ಯಯನ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅಲ್ಲಿ ವಾರಕ್ಕೆ ಎರಡು ದಿನ ಮನೆ, ಮೂರು ದಿನ ಆಫೀಸು. ಬಿಡುವವರು ಮೂರನೆಯ ಒಂದರಷ್ಟು ಕಡಿಮೆಯಾದರು, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಆಗಾಗ ಮುಖ ತೋರಿಸಿದರೂ ಸಾಕು. ನಮ್ಮಲ್ಲಿಂದ ವಾರಕ್ಕೆ ಮೂರು ದಿನ ಬೆಂಗಳೂರು ಆಗುವ ಮಾತಲ್ಲ. ಅವಳು ತಿಂಗಳಿಗೆ ಒಂದು ವಾರ ಬರುತ್ತೇನೆಂದು ಕೇಳಿಕೊಂಡು, 2023ರ ಸೆಪ್ಟೆಂಬರಿನಿಂದ ಹಾಗೇ ನಡೆಸಿದ್ದಾಳೆ. ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿದರೆ ಬೆಳಗಾಗುವಾಗ ಬೆಂಗಳೂರು. ಉಳಿಯುವುದು ಗೆಳತಿಯ ಮನೆಯಲ್ಲಿ. ಆ ವಾರ ಕೋಡ್ ನೋಡುವುದಕ್ಕಿಂತ ಜನರೊಡನೆ ಊಟ ಮಾಡುವುದೇ ಹೆಚ್ಚು, ಅದೇ ಕೆಲಸ ಎಂದು ಅವಳ ಅಭಿಪ್ರಾಯ. ಲೀಡ್ ಆಗುವುದು ಇನ್ನೂ ಬಾಕಿ ಇದೆ.

ಬಾಡಿಗೆ

2023ರ ಜುಲೈ ಕೊನೆಗೆ, ರಿಟರ್ನ್ಸಿನ ಗಡುವು 31 ಎಂದು ಜನ ಮುಗಿಬಿದ್ದಿದ್ದಾಗ, ಅವಳು ಕಾಗದ ಹಿಡಿದು ಬಂದಳು. ಆ ಸಲ ಬ್ಯಾಗಿನಿಂದ ನೋಟ್‌ಬುಕ್ ಕೂಡ ಹೊರಗೆ ಬಂತು, ನಾನು "ಮನೆಯಲ್ಲೇ ಇರುವುದಲ್ಲ, ಬೇಗ ಕಳಿಸಬಾರದಾ?" ಎಂದು ಗದರಿದ್ದಕ್ಕೆ ಉತ್ತರವಾಗಿ.

ಅವಳ ಸಂಬಳದಲ್ಲಿ ಮನೆಬಾಡಿಗೆ ಭತ್ಯೆ ಇದೆ. ಬೆಂಗಳೂರಿನಲ್ಲಿ ಬಾಡಿಗೆ ಕೊಡುತ್ತಿದ್ದಾಗ ಅದರ ಒಂದು ಪಾಲಿಗೆ ತೆರಿಗೆ ವಿನಾಯಿತಿ ಇತ್ತು. ಅಪ್ಪನ ಮನೆಯಲ್ಲಿ ಬಾಡಿಗೆ ಇಲ್ಲ, ಹಾಗಾಗಿ ಪೂರ್ತಿ ತೆರಿಗೆ. ಆದಾಯ ತೆರಿಗೆಯ ಹಳೆಯ ಪದ್ಧತಿ ಆಯ್ದುಕೊಂಡವರು ತಂದೆತಾಯಿಗೆ ನಿಜವಾಗಿ ಬಾಡಿಗೆ ಕೊಟ್ಟರೆ ಕಾನೂನು ಅಡ್ಡಿ ಮಾಡುವುದಿಲ್ಲ. ಮನೆ ಅವರ ಹೆಸರಿನಲ್ಲಿರಬೇಕು, ಹಣ ಖಾತೆಯಿಂದ ಖಾತೆಗೆ ಹೋಗಬೇಕು, ಪಡೆದವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ತಿಂಗಳಿಗೆ 8,000 ಎಂದು ಬರೆದು ತೋರಿಸಿದೆ. ವರ್ಷಕ್ಕೆ 96,000, ಅದರಲ್ಲಿ ಕಾನೂನು ಬಿಟ್ಟುಕೊಡುವ ಶೇ.30 ಕಳೆದು ಭಾವನ ಲೆಕ್ಕಕ್ಕೆ 67,200, ಅವರಿಗೆ ತೆರಿಗೆ ಬರುವುದಿಲ್ಲ.

ಭಾವನಿಗೆ ಫೋನು ಮಾಡಿದೆ. "ಮಗಳಿಂದ ಬಾಡಿಗೆ ತಿನ್ನುವ ಗತಿ ನನಗೆ ಬಂದಿಲ್ಲ" ಎಂದು ಇಟ್ಟುಬಿಟ್ಟರು.

ಮೂರು ದಿನ ಬಿಟ್ಟು ಅವರೇ ಮಾಡಿದರು. ಬದಿಯಡ್ಕದ ಜೀಪಿನ ರಾತ್ರಿ ತಲೆಯೊಳಗಿತ್ತೋ ಏನೋ. ತೆಗೆದುಕೊಳ್ಳುತ್ತೇನೆ, ಆದರೆ ಸುಮ್ಮನೆ ತೆಗೆದುಕೊಂಡರೆ ಸರಿಯಾಗುವುದಿಲ್ಲ, ಏನಾದರೂ ಕೊಡಬೇಕಲ್ಲ ಎಂದರು. ಉಪ್ಪರಿಗೆಯ ಎರಡು ಕೋಣೆ, ಹೊರಗಿನ ಮೆಟ್ಟಿಲು ಸೇರಿಸಿ ಅವಳಿಗೆ ಎಂದು ಕರಾರು ಬರೆದೆವು. ಕಾನೂನಿಗೆ ಅದು ವಾಸದ ಬಾಡಿಗೆ. ಮನೆಯವರ ಬಾಯಲ್ಲಿ ಆಫೀಸಿನ ಬಾಡಿಗೆ. ಅಕ್ಕನಿಗೆ ಮೊದಲು ಬೇಸರವಾಯಿತು, ಮಗ ಬಂದರೆ ಎಲ್ಲಿ ಮಲಗುವುದು ಎಂದು. ಮಗ ಬಂದ, ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದ, ಅವನಿಗೇನೂ ಆಗಲಿಲ್ಲ.

ತೆರಿಗೆಯಲ್ಲಿ ಉಳಿದದ್ದು ಹೆಚ್ಚೇನಿಲ್ಲ, ನನ್ನ ಫೀಸು ತೆಗೆದರೆ ಇನ್ನೂ ಕಡಿಮೆ. ಆದರೆ ಬೆಳಗ್ಗೆ ಒಂಬತ್ತಕ್ಕೆ ಹುಡುಗಿ ಅಂಗಳಕ್ಕೆ ಇಳಿದು, ಚಪ್ಪಲಿ ಹಾಕಿಕೊಂಡು, ಹೊರಗಿನ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾಳೆ. ಒಳಗಿನಿಂದಲೂ ಮೆಟ್ಟಿಲಿದೆ, ಅದರಲ್ಲಿ ಹೋಗುವುದಿಲ್ಲ. ಕೆಲಸದವರಿಗೆ ಚಾ ಈಗ ಭಾವನೇ ಕೊಂಡುಹೋಗುತ್ತಾರೆ, ಮಂಡಿನೋವೆಂದು ಗೊಣಗುತ್ತ. ಅಕ್ಕನ ಕೈಗೆ ಕೆಲಸ ಹೆಚ್ಚಾಗಿದೆ. ಮಗಳ ಸಂಬಳದಲ್ಲಿ ಮನೆಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳುವ ಮಾತು ನಡೆಯುತ್ತಲೇ ಇದೆ, ಜನ ಸಿಕ್ಕಿಲ್ಲ. ನಾನು ಹಗಲು ಫೋನು ಮಾಡುವುದನ್ನು ಬಿಟ್ಟಿದ್ದೇನೆ.

ಕಳೆದ ಮಳೆಗಾಲ ನಾನು ಹೋಗಿದ್ದ ದಿನ ತೋಟಕ್ಕೆ ಕೊಳೆರೋಗದ ಮದ್ದು ಬಿಡಲು ಜನ ಬಂದಿದ್ದರು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ಎಲ್ಲ ಕಲಸಿ ಸಿದ್ಧ. ಮೈಲುತುತ್ತು ತಂದದ್ದು ಆ ತಿಂಗಳ ಬಾಡಿಗೆಯಲ್ಲಿ. ಆಕಾಶ ಅಪರೂಪಕ್ಕೆ ತೆರೆದಿತ್ತು. ಪಂಪಿನವನು ಎಂಜಿನ್ ಚಾಲೂ ಮಾಡುವ ಹಗ್ಗ ಎಳೆಯಲು ಬಗ್ಗಿದಾಗ ಭಾವ ಕೈ ಅಡ್ಡ ಹಿಡಿದರು. "ಹತ್ತೂವರೆಯವರೆಗೆ ಬೇಡ. ಮೇಲೆ ಮೀಟಿಂಗ್ ಉಂಟು." ಈಗಲೇ ಬಿಡದಿದ್ದರೆ ಮಳೆ ಬಂದು ಕೆಡುತ್ತದೆ ಎಂದು ಅವನು ಹೇಳಿ ನೋಡಿದ. ಎಲ್ಲರೂ ಜಗಲಿಯಲ್ಲಿ ಕೂತು ಕಾದೆವು.

ಹನ್ನೊಂದಕ್ಕೆ ಮಳೆ ಬಂತು. ಅರ್ಧ ತೋಟ ಬಾಕಿ.